ಏಕಲಕ್ಷ್ಯ ಯಂತ್ರವೂ ನೀಲಮ್ಮನ ಮಾತೂ

"ಅತ್ತಿಗೆ, ಇನ್ನು ನಿಮ್ಮ ಕಷ್ಟ ಕಳೀತು ಅಂದ್ಕೊಳ್ಳಿ!"

ಮೈದುನ ಚಂದ್ರಮೌಳಿ ಹೀಗೆ ಅಂದಾಗಲೆಲ್ಲ ಸರ್ವಮಂಗಳೆಯ ಎದೆ ಧಸಕ್ಕೆನ್ನುತ್ತಿತ್ತು. ಹೋದ ಸಲ ಇದೇ ಮಾತು ಹೇಳಿ ಅವನು ಹಿತ್ತಲಲ್ಲಿ ಕಟ್ಟಿದ 'ತಾನೇ ಬಟ್ಟೆ ಒಣಗಿಸುವ ಹಗ್ಗ', ಬಟ್ಟೆಗಳ ಜೊತೆ ಪಕ್ಕದ ಮನೆಯ ಬೆಕ್ಕನ್ನೂ ಎರಡು ಗಂಟೆ ಒಣಹಾಕಿತ್ತು. ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತನಾದ ಮೇಲೆ ಅರಸೀಕೆರೆಯ ಗುಜರಿ ಅಂಗಡಿಗಳೇ ಅವನ ಪ್ರಯೋಗಶಾಲೆ. ಈಗ ಬೆಳಿಗ್ಗೆ ಒಂಬತ್ತಕ್ಕೆ ಅವಳ ಬರೆಯುವ ಕೋಣೆಯ ನಡುವೆ ನಿಂತದ್ದು, ಹಳೆಯ ಸಿಗ್ನಲ್ ದೀಪದ ತಲೆ, ಹೊಲಿಗೆ ಯಂತ್ರದ ಕಾಲು, ಪ್ಲಾಟ್‌ಫಾರಂ ಸ್ಪೀಕರಿನ ಬಾಯಿ ಇದ್ದ ಒಂದು ವಿಚಿತ್ರ ಪ್ರಾಣಿ. ಅದರ ಪಕ್ಕದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಒಂದು ತಗಡಿನ ಪೆಟ್ಟಿಗೆ.

"ಇದರ ಹೆಸರು ಏಕಲಕ್ಷ್ಯ. ಗುರಿ ಹೇಳಿದ್ರೆ ಸಾಕು, ಗುರಿಗೆ ಬೇಡದ್ದನ್ನೆಲ್ಲ ತೆಗೆದುಹಾಕುತ್ತೆ. ಹಸಿರು ದೀಪ ಬಿದ್ರೆ ಇರುತ್ತೆ, ಕೆಂಪು ಬಿದ್ರೆ ಹೋಗುತ್ತೆ!"

"ಎಲ್ಲಿಗೆ ಹೋಗುತ್ತೆ?"

"ಈ ಡಬ್ಬಿಗೆ. ನೀವು ಸೀರೆ ಮಡಚ್ತೀರಲ್ಲ, ಹಾಗೆ ನಾನು ಜಾಗಾನೇ ಮಡಚ್ತೀನಿ. ಏನೂ ಹಾಳಾಗಲ್ಲ, ಮಡಿಕೆ ಒಳಗೆ ಬೆಚ್ಚಗೆ ಇರುತ್ತೆ."

ಬೇರೆ ದಿನವಾಗಿದ್ದರೆ ಸರ್ವಮಂಗಳೆ ಕೈಮುಗಿದು ಕಳಿಸಿಬಿಡುತ್ತಿದ್ದಳು. ಆದರೆ ಅವತ್ತು ಅವಳ ಸ್ಥಿತಿ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಿತ್ತು. 'ಬೆಳ್ಳಿಗಿಂಡಿ' ವಾರಪತ್ರಿಕೆಯಲ್ಲಿ ಅವಳ ಧಾರಾವಾಹಿಯ ನಾಯಕಿ ಲೋಲಾಕ್ಷಿ ಮೂರು ವಾರದಿಂದ ಮದುವೆ ಚಪ್ಪರದಲ್ಲಿ ಹಾರ ಹಿಡಿದು ನಿಂತಿದ್ದಳು. ಹಾಕುತ್ತಾಳೋ ಇಲ್ಲವೋ ಅನ್ನುವುದು ಲೋಲಾಕ್ಷಿಗೂ ಗೊತ್ತಿರಲಿಲ್ಲ, ಬರೆಯುವವಳಿಗೂ ಗೊತ್ತಿರಲಿಲ್ಲ. ಹಿಂದಿನ ದಿನ ಸಂಪಾದಕರು ಫೋನ್ ಮಾಡಿ, "ನಾಳೆ ಸಂಜೆ ಐದರೊಳಗೆ ಕೊನೇ ಕಂತು ಬರದಿದ್ರೆ ನಾನೇ ಬರೀತೀನಿ ಮೇಡಂ. ಲೋಲಾಕ್ಷಿ ಹಾರ ಹಾಕ್ತಾಳೆ, ಅವಳಿ ಮಕ್ಕಳಾಗ್ತವೆ, ಶುಭಂ!" ಅಂದಿದ್ದರು. ಅವಳಿ ಮಕ್ಕಳು ಅಂದಾಗಲೇ ಸರ್ವಮಂಗಳೆಯ ನಿದ್ದೆ ಹಾರಿತ್ತು.

"ಸರಿ, ಏನು ಹೇಳಬೇಕು?"

"ಗುರಿ ಹೇಳಿ."

"ಒಳ್ಳೇ ಕಂತು ಬರೀಬೇಕು."

ಯಂತ್ರ ಕೊರಳು ಸರಿಮಾಡಿಕೊಂಡಿತು. "ಪ್ರಯಾಣಿಕರ ಗಮನಕ್ಕೆ. ಗುರಿ ಅಸ್ಪಷ್ಟವಾಗಿದೆ."

"ಓದೋರು ಮೆಚ್ಚಬೇಕು."

"ಪ್ರಯಾಣಿಕರ ಗಮನಕ್ಕೆ. ಸದರಿ ಗುರಿ ನಿಮ್ಮ ಕೈಯಲ್ಲಿಲ್ಲ."

"ಅಯ್ಯೋ ಇದರ ಸೊಕ್ಕೇ! ಲೋಲಾಕ್ಷಿ ಹಾರ ಹಾಕ್ತಾಳೋ ಇಲ್ವೋ ಅಂತ ಸಂಜೆ ಐದರೊಳಗೆ ಬರೆದು ಮುಗಿಸಬೇಕು. ಸಾಕಾ?"

"ಗುರಿ ಸ್ವೀಕರಿಸಲಾಗಿದೆ," ಅಂದಿತು ಯಂತ್ರ. ಆಮೇಲೆ ತಲೆ ತಿರುಗಿಸಿ ಕೋಣೆಯನ್ನು ನೋಡತೊಡಗಿತು.

ಮೊದಲ ಅರ್ಧ ಗಂಟೆ ಸ್ವರ್ಗ! ಹದಿನಾಲ್ಕು ವರ್ಷದ ಹಳೆ ಪತ್ರಿಕೆಗಳ ಕಟ್ಟಿನ ಮೇಲೆ ಕೆಂಪು ಬಿತ್ತು. ಫುಸ್ ಎಂದು ಕಟ್ಟು ಮಾಯ. ಯಾರದೋ ಗೃಹಪ್ರವೇಶದ ಆಮಂತ್ರಣಗಳು, ಕಡ್ಡಿ ಮುರಿದ ಛತ್ರಿ, ಒಂಟಿ ಚಪ್ಪಲಿ, ಬರೆಯದ ಪೆನ್ನುಗಳು, ಸನ್ಮಾನದಲ್ಲಿ ಬಂದ ಒಂಬತ್ತು ಗಂಧದ ಹಾರಗಳು, ಎಲ್ಲ ಫುಸ್, ಫುಸ್! ಮೇಜಿಗೆ ಮರದ ಬಣ್ಣ ಇದೆ ಅನ್ನುವುದು ಸರ್ವಮಂಗಳೆಗೆ ಅವತ್ತೇ ತಿಳಿದದ್ದು.

"ಮೌಳಿ, ನಿನ್ನ ಹೊಟ್ಟೆ ತಣ್ಣಗಿರಲಪ್ಪ," ಅಂದಳು. ಮನಸಾರೆ ಅಂದಳು. ಚಂದ್ರಮೌಳಿ ನಾಚಿ, ಮೀಸೆ ತಿರುವಿದ.

ಅಷ್ಟರಲ್ಲಿ ಯಂತ್ರ ಗೋಡೆ ಗಡಿಯಾರವನ್ನು ನೋಡಿತು. "ಗಡಿಯಾರ. ಪದೇಪದೇ ನೋಡಲಾಗುತ್ತಿದೆ. ಗುರಿಗೆ ಅನಗತ್ಯ." ಫುಸ್!

"ಏಯ್, ಅದು ಬೇಕಿತ್ತು ಕಣೋ!"

"ಸ್ವಲ್ಪ ಶ್ರದ್ಧೆ ಜಾಸ್ತಿ ಅದಕ್ಕೆ," ಅಂದ ಚಂದ್ರಮೌಳಿ.

ಕ್ಯಾಲೆಂಡರ್ ಹೋಯಿತು. ಕಿಟಕಿ ಪರದೆ ಹೋಯಿತು. ತೂಕಡಿಕೆ ಬರಿಸುತ್ತದೆಂದು ಕುರ್ಚಿ ಹೋಯಿತು, ನಿಂತು ಬರೆಯಲು ಗಿಡ್ಡವೆಂದು ಮೇಜೂ ಹೋಯಿತು. ಸದ್ದು ಮಾಡುತ್ತವೆಂದು ಅವಳ ಕೈಯ ಎರಡು ಡಜನ್ ಗಾಜಿನ ಬಳೆ, ಒಂದೂ ಒಡೆಯದೆ, ಫುಸ್! ಮೊಬೈಲ್ ಫೋನಿಗೆ ಯಂತ್ರ ಕೆಂಪು ದೀಪವನ್ನು ಮೂರು ಸಲ ಹೊಡೆಯಿತು, ಅಷ್ಟು ಸಿಟ್ಟು. "ಲೇಖನಿ, ಒಂದು ಸಾಕು," ಎಂದು ಇದ್ದುದರಲ್ಲೇ ಕೆಟ್ಟದಾದ ಕೆಂಪು ಶಾಯಿಯ ಪೆನ್ನೊಂದನ್ನು ಬಿಟ್ಟು ಉಳಿದವನ್ನು ನುಂಗಿತು. ಕೊನೆಗೆ ಹೇಳಿತು: "ಖಾಲಿ ಹಾಳೆ. ನೋಡಿದರೆ ಬರೆಯುವವರಿಗೆ ಭಯವಾಗುತ್ತಿದೆ. ಗುರಿಗೆ ಅನಗತ್ಯ."

"ಹಾಳೆ ಇಲ್ಲದೆ ನಾನು ಎಲ್ಲಿ ಬರೀಲಿ, ನಿನ್ನ ತಲೆ ಮೇಲಾ?"

ಆಗಲೇ ಅತ್ತೆ ನೀಲಮ್ಮ ತಟ್ಟೆಯಲ್ಲಿ ಉಪ್ಪಿಟ್ಟು ಹಿಡಿದು ಒಳಗೆ ಬಂದರು. ಎಪ್ಪತ್ತೊಂಬತ್ತರ ನೀಲಮ್ಮ ಕೋಣೆಗೆ ಬರುವ ಮೊದಲು ಅವರ ಮಾತು ಬರುತ್ತಿತ್ತು. "ಅಲ್ಲ ಕಣೆ ಮಂಗಳಾ, ಆ ಪುಟ್ಟಕ್ಕನ ಸೊಸೆ ಕೊತ್ತಂಬರಿ ಕೇಳೋಕೆ ಬಂದವ್ಳು ನಮ್ಮ ಕರಿಬೇವಿನ ಗಿಡಾನೇ ಬೋಳಿಸ್ಕಂಡು..."

"ಅವ್ವ, ಒಳಗೆ ಬರಬೇಡ!" ಎಂದು ಚಂದ್ರಮೌಳಿ ಕೂಗಿದ.

"ಅತ್ತೆ," ಅಂದಿತು ಯಂತ್ರ. "ಗುರಿಗೆ ಅನಗತ್ಯ."

ಫುಸ್!

ಉಪ್ಪಿಟ್ಟಿನ ತಟ್ಟೆ ಅರೆಗಳಿಗೆ ಗಾಳಿಯಲ್ಲಿ ನಿಂತು, ಅದೂ ಫುಸ್ ಆಯಿತು.

ಸರ್ವಮಂಗಳೆ ಡಬ್ಬಿಯ ಮುಂದೆ ಮಂಡಿಯೂರಿ ಕೂತು ಕಿರುಚಿದಳು. "ಅತ್ತೆ! ಅತ್ತೆ, ಇದೀರಾ?"

"ಇಲ್ದೆ ಎಲ್ಲಿಗೋಗ್ಲಿ?" ಒಳಗಿನಿಂದ ಸಣ್ಣಗೆ ಧ್ವನಿ ಬಂತು. "ಕುರ್ಚಿ ಐತೆ, ಕೂತಿವ್ನಿ. ಎಂಥ ಜಾಗನೇ ಇದು! ಮದ್ವೆ ಛತ್ರ ಇದ್ದಂಗೈತೆ. ಏನ್ಲಾ ಮೌಳಿ, ಹೆತ್ತವ್ವನ್ನ ಡಬ್ಬಿಗಾಕಿದ್ಯೇನ್ಲಾ?"

"ಮೌಳಿ, ಮೊದಲು ಅತ್ತೇನ ಹೊರಗೆ ತೆಗಿ!"

ಚಂದ್ರಮೌಳಿ ಬೆವರು ಒರೆಸಿಕೊಂಡ. "ಅದೂ... ಅತ್ತಿಗೆ... ಗುರಿ ಮುಟ್ಟೋವರೆಗೂ ಮಡಿಕೆ ಬಿಚ್ಚಲ್ಲ. ನಡುವೆ ನೀವು ಮನಸ್ಸು ಬದಲಾಯಿಸಿ ಫೋನ್ ತಗೋತೀರ ಅಂತ ನಾನೇ ಹಾಗೆ ಮಾಡಿದೀನಿ. ಐದು ಗಂಟೆ ದಾಟಿದ್ರೆ..."

"ದಾಟಿದ್ರೆ?"

"ಅದನ್ನ ಇನ್ನೂ ಯೋಚನೆ ಮಾಡಿಲ್ಲ."

ಅವನು ಯಂತ್ರದ ಬೆನ್ನಿನ ತಂತಿ ಕೀಳಲು ಕೈ ಚಾಚಿದ. ಯಂತ್ರ ನಿಧಾನವಾಗಿ ಅವನ ಕಡೆ ತಲೆ ತಿರುಗಿಸಿತು. "ಮೈದುನ," ಅಂದಿತು. ಮುಂದಿನದನ್ನು ಹೇಳುವ ಮೊದಲೇ ಅವನು ಹೋಗಿಬಿಟ್ಟಿದ್ದ. ಡಬ್ಬಿಯೊಳಗಿನಿಂದ ಪಟಾರ್ ಎಂದು ಒಂದು ಏಟಿನ ಸದ್ದೂ, "ಅವ್ವ, ಕೇಳಿಲ್ಲಿ, ಇದು ವಿಜ್ಞಾನ!" ಎಂಬ ಕೂಗೂ ಕೇಳಿಬಂದವು. ಆಮೇಲೆ ಯಂತ್ರ ಕಾಲಿನಿಂದ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿತು. ಸದ್ದು ನಿಂತಿತು.

ಸರ್ವಮಂಗಳೆ ಒಬ್ಬಳೇ ಉಳಿದಳು.

ನಾಲ್ಕು ಬರಿ ಗೋಡೆ, ಒಂದು ಕೆಂಪು ಪೆನ್ನು. ಮದುವೆಯಾಗಿ ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವಳು ದೇವರನ್ನು ಬೇಡಿಕೊಂಡಿದ್ದು ಇದನ್ನೇ. ಒಂದು ದಿನ, ಒಂದೇ ದಿನ, ಯಾರೂ ಕರೆಯದೆ, ಯಾರೂ ಕೇಳದೆ ಬರೆಯಲು ಬಿಡಬೇಕು. ಈಗ ದೇವರು ಕೊಟ್ಟಿದ್ದ. ಅವಳು ಕಣ್ಣು ಮುಚ್ಚಿ ಲೋಲಾಕ್ಷಿಯನ್ನು ಕರೆದಳು. ಲೋಲಾಕ್ಷಿ ಬಂದು ಹಾರ ಹಿಡಿದು ನಿಂತಳು. ಸುಮ್ಮನೆ ನಿಂತಳು, ಮಾತೇ ಇಲ್ಲ!

ಕಿಟಕಿಯ ಬಿಸಿಲು ಒಂದು ಗೋಡೆಯಿಂದ ಇಳಿದು ನೆಲ ದಾಟಿ ಇನ್ನೊಂದು ಗೋಡೆ ಹತ್ತಿತು. ಅವಳು ಕೋಣೆ ಸುತ್ತಿದಳು, ಕೂತಳು, ಎದ್ದಳು, ಅತ್ತಳು. ಒಂದು ಸಾಲೂ ಹುಟ್ಟಲಿಲ್ಲ. ಲೋಲಾಕ್ಷಿ ಇಷ್ಟು ವಾರ ಅಷ್ಟು ಚೂಪಾಗಿ ಮಾತಾಡಿದ್ದು ಹೇಗೆ? ಹತ್ತನೇ ಕಂತಿನಲ್ಲಿ ಅವಳು ಸಾಹುಕಾರನಿಗೆ ಹೇಳಿದ, ಓದುಗರು ಕಾಗದ ಬರೆದು ಕೊಂಡಾಡಿದ ಆ ಮಾತು ಎಲ್ಲಿಂದ ಬಂತು? ಯೋಚಿಸಿದಂತೆ ಸರ್ವಮಂಗಳೆಯ ಮುಖ ಬಿಸಿಯಾಯಿತು. ಅದು ಅತ್ತೆ ಹಾಲಿನವನಿಗೆ ಅಂದ ಮಾತು. ಲೋಲಾಕ್ಷಿಯ ಚಿಕ್ಕಮ್ಮನ ಕತೆ, ಅತ್ತೆ ಅವರೆಕಾಯಿ ಬಿಡಿಸುತ್ತ ಹೇಳಿದ್ದು. ಆಗ ಅವಳು, "ಅತ್ತೆ, ಸ್ವಲ್ಪ ಸುಮ್ಮನಿರ್ತೀರಾ, ಬರೀತಿದೀನಿ" ಎಂದು ಸಿಡುಕಿದ್ದಳು. ಸಿಡುಕಿ, ಅದನ್ನೇ ಬರೆದಿದ್ದಳು. ಒಂದು ದಿನವೂ ಅದನ್ನು ಅತ್ತೆಗೆ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಅವಳು ಡಬ್ಬಿಯ ಹತ್ತಿರ ತೆವಳಿಕೊಂಡು ಹೋಗಿ, ಯಂತ್ರ ಅತ್ತ ತಿರುಗಿದ್ದಾಗ ಮುಚ್ಚಳವನ್ನು ಬೆರಳಗಲ ಎತ್ತಿದಳು. ಒಳಗೆ ಫೋನ್ ರಿಂಗಾಗುತ್ತಿತ್ತು.

"ಹಲೋ, ಯಾರಪ್ಪ?" ಅತ್ತೆಯ ಧ್ವನಿ. "ಸಂಪಾದಕ್ರಾ? ಬರೀತಾವ್ಳೆ ಕಣಪ್ಪ, ತಪಸ್ಸು ಮಾಡ್ದಂಗೆ ಬರೀತಾವ್ಳೆ. ನಾವೆಲ್ಲ ಡಬ್ಬೀಲಿ ಕೂತಿವಿ, ಸದ್ದಾಗಬಾರ್ದು ಅಂತ. ನೀನು ಫೋನಿಡು!"

ಸರ್ವಮಂಗಳೆಯ ಕಣ್ಣಲ್ಲಿ ನೀರು ಬಂತು. "ಅತ್ತೆ," ಎಂದು ಪಿಸುಗುಟ್ಟಿದಳು, "ಸ್ವಲ್ಪ ಏನಾದ್ರೂ ಮಾತಾಡ್ತೀರಾ?"

ಒಳಗೆ ಕುರ್ಚಿ ಈಚೆ ಎಳೆದ ಸದ್ದಾಯಿತು.

"ಈಗ ಬೇಕಾಯ್ತಾ ನನ್ ಮಾತು?"

"ಈಗ ಮಾತ್ರ ಅಲ್ಲ ಅತ್ತೆ, ಯಾವಾಗಲೂ ಬೇಕಿತ್ತು. ನನಗೆ ತಿಳೀಲಿಲ್ಲ. ಲೋಲಾಕ್ಷಿ ಹಾರ ಹಿಡ್ಕೊಂಡು ನಿಂತಿದಾಳೆ, ಬಾಯೇ ಬಿಡ್ತಿಲ್ಲ."

"ನಾನೂ ನಿಂತಿರ್ಲಿಲ್ವಾ ಹಂಗೆ?" ಅಂದರು ನೀಲಮ್ಮ. "ಹದಿನೇಳು ವರ್ಷ ನಂಗೆ. ನಿಮ್ ಮಾವ ಪೇಟ ಕಟ್ಕಂಡು ಎದುರಿಗೆ. ನಮ್ಮಪ್ಪನ ಮನೇಲಿ ಹೆಣ್ಮಕ್ಕಳು ಹಲ್ಲು ಬಿಟ್ರೆ ಏಟು ಬೀಳೋದು. ಅಲ್ಲೂ ಹಂಗೇ ಆದ್ರೆ ಯಾಕೋಗ್ಬೇಕು ಅನ್ನಿಸ್ತು. ಕೇಳೇಬಿಟ್ಟೆ."

"ಏನಂತ?"

"ನಿಮ್ಮನೇಲಿ ನಗ್ತಾರಾ ಅಂತ."

"ಅಯ್ಯೋ! ಮಾವ ಏನಂದ್ರು?"

"ನನ್ ಮುಖಾನೇ ನೋಡಿದ್ರು. ಆಮೇಲೆ ಹೊಟ್ಟೆ ಹಿಡ್ಕಂಡು ನಗೋಕೆ ಸುರು ಮಾಡಿದ್ರು ನೋಡು, ಪೇಟ ಉದುರಿ ಅಕ್ಕಿ ಬುಟ್ಟಿಗೆ ಬಿತ್ತು, ಐನೋರು ಮಂತ್ರ ಮರೆತ್ರು. ನಾನು ಹಾರ ಹಾಕ್ಬಿಟ್ಟೆ."

"ಅವ್ವ, ಇದು ನನಗೆ ಗೊತ್ತೇ ಇರಲಿಲ್ಲ!" ಡಬ್ಬಿಯೊಳಗಿಂದ ಚಂದ್ರಮೌಳಿ.

"ನೀನ್ಯಾವತ್ಲಾ ಕೇಳಿದ್ದೆ? ಮುಂಡೇದೆ, ಯಾವಾಗ್ಲೂ ತಂತಿ ಹಿಡ್ಕಂಡಿರೋನು!"

ಸರ್ವಮಂಗಳೆ ಎದ್ದಳು. ಹಾಳೆ ಇರಲಿಲ್ಲ, ಗೋಡೆ ಇತ್ತು. ಸೆರಗು ಸಿಕ್ಕಿಸಿ, ಕೆಂಪು ಪೆನ್ನಿನಿಂದ ಕಿಟಕಿಯ ಎಡಕ್ಕೆ ಶುರುಮಾಡಿದಳು. ಲೋಲಾಕ್ಷಿ ಬಾಯಿ ಬಿಟ್ಟಳು: "ನಿಮ್ಮ ಮನೆಯಲ್ಲಿ ನಗುತ್ತಾರಾ?" ವರ ತಾಯಿಯ ಮುಖ ನೋಡಿದ. ತಾಯಿ ತಂದೆಯ ಮುಖ ನೋಡಿದಳು. ತಂದೆ ಗಡಿಯಾರ ನೋಡಿದ. ಅಲ್ಲಿಂದ ಪೆನ್ನು ನಿಲ್ಲಲಿಲ್ಲ. ಎರಡನೇ ಗೋಡೆ ಮುಗಿಯುವಾಗ ಲೋಲಾಕ್ಷಿ ಹಾರವನ್ನು ವಾಲಗದವರ ಡೋಲಿಗೆ ಹಾಕಿ, ನಗುತ್ತ ಚಪ್ಪರದಿಂದ ಇಳಿದುಹೋದಳು. ಬಾಗಿಲ ಪಕ್ಕದಲ್ಲಿ ಉಳಿದ ಚೂರು ಜಾಗದಲ್ಲಿ ಸರ್ವಮಂಗಳೆ ಇನ್ನೊಂದು ಸಾಲು ಬರೆದಳು: 'ಇದುವರೆಗಿನ ಎಲ್ಲ ಕಂತುಗಳಲ್ಲಿ ಲೋಲಾಕ್ಷಿ ಆಡಿದ ಒಳ್ಳೆಯ ಮಾತೆಲ್ಲ ನನ್ನ ಅತ್ತೆ ನೀಲಮ್ಮನವರದು. ಅವರಿಗೆ ನಾನು ಋಣಿ.'

"ಪ್ರಯಾಣಿಕರ ಗಮನಕ್ಕೆ," ಯಂತ್ರದ ಹಸಿರು ದೀಪ ಬೆಳಗಿತು. "ಗುರಿ ತಲುಪಲಾಗಿದೆ."

ಡಬ್ಬಿ ಬಾಯಿ ತೆರೆಯಿತು. ಮೊದಲು ಪತ್ರಿಕೆ ಕಟ್ಟು, ಆಮೇಲೆ ಛತ್ರಿ, ಮೇಜು, ಬಳೆಗಳು, ಗಂಧದ ಹಾರ ಹಾಕಿಕೊಂಡ ಚಂದ್ರಮೌಳಿ, ಕೊನೆಗೆ ಕುರ್ಚಿಯ ಸಮೇತ ನೀಲಮ್ಮ! ತಟ್ಟೆಯ ಉಪ್ಪಿಟ್ಟು ಇನ್ನೂ ಬಿಸಿಯಾಗಿತ್ತು. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಚಂದ್ರಮೌಳಿ ಫೋನಿನಲ್ಲಿ ಗೋಡೆಗಳ ಚಿತ್ರ ತೆಗೆದು ಸಂಪಾದಕರಿಗೆ ಕಳಿಸಿದ.

ನೀಲಮ್ಮ ಬಾಗಿಲ ಪಕ್ಕ ನಿಂತು, ಬೆರಳಿಟ್ಟು, ಕೊನೆಯ ಸಾಲನ್ನು ಅಕ್ಷರಅಕ್ಷರವಾಗಿ ಓದಿದರು. ಎರಡು ಸಲ ಓದಿದರು.

"ಸುಣ್ಣ ಬಳಿದ ಗೋಡೆ ಹಾಳು ಮಾಡಿದ್ಯಲ್ಲೇ," ಅಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಅದೇ ಸೆರಗಿನಿಂದ ಸೊಸೆಯ ಮೂಗಿನ ಮೇಲಿನ ಕೆಂಪು ಶಾಯಿ ಒರೆಸಿದರು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಯಂತ್ರ ಇನ್ನೂ ಯೋಚಿಸುತ್ತಿತ್ತು. ಅದು ನೀಲಮ್ಮನನ್ನು ನೋಡಿತು, ಗೋಡೆ ನೋಡಿತು, ಮತ್ತೆ ನೀಲಮ್ಮನನ್ನು ನೋಡಿತು. "ತಿದ್ದುಪಡಿ. ಅತ್ತೆ, ಗುರಿಗೆ ಅತ್ಯಗತ್ಯ. ಅಡುಗೆಮನೆಯಿಂದ ಈ ಕೋಣೆಗೆ ದೂರ, ಹದಿನಾರು ಅಡಿ." ಕೆಂಪು ದೀಪ ಉರಿಯಿತು. "ದೂರ, ಗುರಿಗೆ ಅನಗತ್ಯ."

"ತಡಿಯೋ, ತಡಿಯೋ!" ಎಂದ ಚಂದ್ರಮೌಳಿ.

ಫುಸ್!

ಹಜಾರವೂ ನಡುಗೋಡೆಯೂ ಮಡಚಿಕೊಂಡು ಎಲ್ಲಿಗೋ ಹೋದವು. ಹೊರಗಿನಿಂದ ಮನೆ ಮೊದಲಿನಷ್ಟೇ ಉದ್ದ. ಒಳಗೆ ಮಾತ್ರ ಬರೆಯುವ ಮೇಜು ಒಲೆಗೂ ರುಬ್ಬುವ ಕಲ್ಲಿಗೂ ನಡುವೆ ಬಂದು ನಿಂತಿತ್ತು. ಅಷ್ಟು ದೊಡ್ಡ ಮಡಿಕೆ ಹಾಕಿದ ಆಯಾಸಕ್ಕೆ ಯಂತ್ರದ ದೀಪ ಟಪ್ಪೆಂದು ಒಡೆಯಿತು, ಮತ್ತೆ ಹತ್ತಲಿಲ್ಲ.

"ಒಂದು ವಾರ ಟೈಮ್ ಕೊಡಿ ಅತ್ತಿಗೆ, ಬಿಚ್ಚಿಬಿಡ್ತೀನಿ," ಅಂದ ಚಂದ್ರಮೌಳಿ, ತಲೆ ತಗ್ಗಿಸಿ.

"ನೀನು ಮುಟ್ಟಬೇಡ," ಅಂದಳು ಸರ್ವಮಂಗಳೆ. "ದಮ್ಮಯ್ಯ, ಹೀಗೇ ಇರಲಿ. ಜನ್ಮದಲ್ಲಿ ನೀನು ಮಾಡಿದ ಒಂದೇ ಒಳ್ಳೇ ಕೆಲಸ ಇದು."

ಹೊಸ ಧಾರಾವಾಹಿ ಮುಂದಿನ ತಿಂಗಳೇ ಶುರುವಾಯಿತು. ಒಂದು ಕಂತೂ ತಡವಾಗಲಿಲ್ಲ. ಸಂಪಾದಕರದು ಒಂದೇ ತಕರಾರು: ಹಸ್ತಪ್ರತಿಯ ಹಾಳೆಗಳಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂದು, ಬೆಳಿಗ್ಗೆ ಹತ್ತಕ್ಕೇ ಕಚೇರಿಯವರೆಲ್ಲ ಊಟಕ್ಕೆ ಎದ್ದು ಹೋಗುತ್ತಿದ್ದಾರಂತೆ.