ಎಡಗೈ ಮಸಿ ಮತ್ತು ಒಂದು ಪಿನ್ನು

ಇಂಡಿ ತಾಲೂಕಿನ ನಮ್ಮ ಶಾಲೆಯಿಂದ ಚುನಾವಣೆ ಡ್ಯೂಟಿಗೆ ಹೋದಾಗಲೆಲ್ಲ ಒಂದಾದರೂ ನಗುವ ಸಂಗತಿ ನನ್ನ ಜೊತೆ ಮನೆಗೆ ಬರುತ್ತಿತ್ತು. ಬಾಗಿಲು ತೆಗೆಯುತ್ತಲೇ ಹೆಂಡತಿ, "ಈ ಸಲ ಏನಾತ್ರಿ?" ಎನ್ನುತ್ತಿದ್ದಳು. ಕೇಳುವವಳು ಹೋದ ವರ್ಷ ತೀರಿಕೊಂಡಳು. ಸಂಗತಿಗಳು ಮಾತ್ರ ನಿಂತಿಲ್ಲ.

ಎಡಗೈ

ಸಿಂದಗಿ ಕಡೆಯ ಒಂದು ಹಳ್ಳಿ. ಗುರುತಿನ ಚೀಟಿ ನೋಡಿದ್ದಾಯಿತು, ಸಹಿಯೂ ಆಯಿತು. ಮಸಿ ಹಚ್ಚಲು ಎಡಗೈ ಕೇಳಿದರೆ, ಅಜ್ಜನ ವಯಸ್ಸಿನ ಮುತ್ಯಾ ಒಬ್ಬರು ಬಲಗೈ ಚಾಚಿದರು.

"ಎಡಗೈ ಕೊಡ್ರಿ ಮುತ್ಯಾ."

"ಒಳ್ಳೆ ಕೆಲಸಕ್ಕ ಎಡಗೈ ಯಾರರ ಕೊಡ್ತಾರೇನು?"

"ನಿಯಮ ಐತ್ರಿ. ಬಲಗೈಲೆ ಉಣ್ಣೋದಿರ್ತೈತಿ, ಎಡಗೈನ ಛಲೋ."

ಮುತ್ಯಾ ಮನಸ್ಸಿಲ್ಲದೆ ಎಡಗೈ ಕೊಟ್ಟು ಮಶೀನಿನ ಮರೆಯ ಹಿಂದೆ ಹೋದರು. ಅಲ್ಲಿಂದಲೇ ಕೂಗಿದರು: "ಮಾಸ್ತರ, ಇಲ್ಲಿ ಒತ್ತಾಕರ ಬಲಗೈ ನಡೀತೈತೋ, ಇದಕ್ಕೂ ನಿಯಮ ಐತೋ?"

ಚಪ್ಪಲಿ

ಮುದ್ದೇಬಿಹಾಳದ ಕಡೆ ಒಮ್ಮೆ, ಮೊದಲು ಬಂದ ಹೆಣ್ಣುಮಗಳು ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಮಶೀನಿಗೆ ಕೈಮುಗಿದು ಮತ ಹಾಕಿದಳು. ಹಿಂದಿದ್ದವರು ಅದೇ ಪದ್ಧತಿ ಎಂದುಕೊಂಡರು. ಸಾಲಿಗೆ ಸಾಲೇ ಬರಿಗಾಲಾಯಿತು. "ಹಾಕ್ಕೊಂಡ ಬರ್ರಿ, ನಡೀತೈತಿ" ಎಂದರೆ ನನ್ನ ಬೂಟನ್ನೇ ದುರುಗುಟ್ಟಿ ನೋಡಿದರು. ಕೊನೆಗೆ ನಾನೂ ಬಿಚ್ಚಿ ಕುಳಿತೆ. ಮಧ್ಯಾಹ್ನ ಒಬ್ಬ ರೈತ ಬರಿಗಾಲಲ್ಲೇ ತಿರುಗಿ ಬಂದ.

"ವೋಟು ಗುಪ್ತ ಇರ್ಲಿರಿ ಸರ. ನನ್ನ ಹೊಸ ಚಪ್ಪಲಿ ಒಯ್ದಾವರ ಹೆಸರೂ ಗುಪ್ತ ಏನು?"

ಪಿನ್ನು

ಈ ಸಲ ನನ್ನ ಮತಗಟ್ಟೆ ಬಸವನ ಬಾಗೇವಾಡಿ ಕಡೆ. ತನ್ನ ಮತ ಹಾಕಿದ ಅಜ್ಜನೊಬ್ಬ ಹೆಂಡತಿಯ ಜೊತೆ ಮತ್ತೆ ಒಳಗೆ ಹೊರಟ.

"ಇಕಿಗೆ ಕಣ್ಣ ಕಾಣಂಗಿಲ್ರಿ. ಪ್ರತಿ ಸಲ ನಾನ ಒತ್ತತೇನಿ."

"ಸುಳ್ಳರಿ," ಎಂದಳು ಅಜ್ಜಿ. "ಸಾಯೋದ್ರಾಗ ಒಂದ ಸಲರ ನನ್ನ ವೋಟು ನಾನ ಹಾಕ್ತೇನಿ."

ಕಣ್ಣು ಕಾಣದವರ ಜೊತೆ ಇನ್ನೊಬ್ಬರು ಹೋಗಬಹುದು. ಆದರೆ ಕಾಣುವುದಿಲ್ಲವೆಂದು ನನಗೆ ಖಾತ್ರಿಯಾಗಬೇಕು. "ಆಯಿ, ಅಲ್ಲೇ ನಿಂತ ಹೇಳ್ರಿ, ಏನೇನ ಕಾಣಸ್ತೈತಿ?" ಎಂದೆ.

ಅಜ್ಜಿ ಬಾಗಿಲಿನಿಂದಲೇ ನನ್ನನ್ನು ನೋಡಿದಳು. "ನಿನ್ನ ಅಂಗಿದು ಎರಡನೇ ಗುಂಡಿ ಇಲ್ಲ. ಮೂರನೇದು ಕರೀ ದಾರಲೆ ಹೊಲದೀದಿ. ಗಂಡಸರ ಹೊಲಿಗಿ. ಮನ್ಯಾಗ ಯಾರೂ ಇಲ್ಲೇನ ತಮ್ಮಾ?"

ಸಾಲು ನಕ್ಕಿತು. ನಾನು ಅಂಗಿಯ ಮೇಲೆ ಕೈಯಿಟ್ಟುಕೊಂಡೆ. "ಇಲ್ರಿ ಆಯಿ. ನಿಮ್ಮ ಕಣ್ಣು ಛಲೋ ಅದಾವ. ಒಬ್ಬರ ಹೋಗ್ರಿ."

ಮಶೀನು ಕೂಗಿತು. ಅಜ್ಜಿ ಸೆರಗು ಸರಿಮಾಡಿಕೊಂಡು, ಗಂಡನ ಮುಂದೆಯೇ ತಲೆಯೆತ್ತಿ ನಡೆದಳು.

ಸ್ವಲ್ಪ ಹೊತ್ತಿಗೆ ಅಜ್ಜ ಒಬ್ಬನೇ ಬಂದ. ಕೈಯಲ್ಲೊಂದು ಪಿನ್ನು. "ಯಾರಿಗೆ ಹಾಕಿದಿ ಅಂದ್ರ ಹೇಳವಲ್ಲಳ್ರಿ. ಇದನ್ನ ಮಾಸ್ತರಗ ಕೊಟ್ಟ ಬರ್ರಿ, ಹೇಳ್ತೇನಿ ಅಂದಾಳ."

ಗುಂಡಿಯಿಲ್ಲದ ಕಡೆ ಪಿನ್ನು ಹಾಕಿಕೊಂಡೆ.

ಸಂಜೆ ಮತದಾನ ಮುಗಿಸಿ ಹೊರಗೆ ಬಂದರೆ ಗೇಟಿನಲ್ಲಿ ಅದೇ ಅಜ್ಜ.

"ಆಯಿ ಹೇಳಿದ್ರೇನ್ರಿ?"

"ಎಲ್ಲಿ ಹೇಳ್ತಾಳ್ರಿ! ಪಿನ್ನ ಹಾಕ್ಕೊಂಡಾರೋ ಇಲ್ಲೋ ನೋಡ್ಕೊಂಡ ಬರ್ರಿ ಅಂತಾಳ."

ನಾನು ಎದೆ ಮುಂದೆ ಮಾಡಿ ತೋರಿಸಿದೆ. ಇಷ್ಟು ವರ್ಷ ಇಬ್ಬರ ಮತವನ್ನೂ ತಾನೇ ಒತ್ತಿದ ಅಜ್ಜ ಬಗ್ಗಿದ, ಕಣ್ಣು ಕಿರಿದು ಮಾಡಿದ, ಮೂಗು ನನ್ನ ಅಂಗಿಗೆ ತಾಗುವಷ್ಟು ಹತ್ತಿರ ಬಂದ.

"ಎಲ್ಲೈತ್ರಿ ಮಾಸ್ತರ? ನನಗ ಕಾಣವಲ್ದಲ್ಲ!"