ಸಿದ್ರಾಮನ ಮಿಣುಕು ನೊಣಗಳು

ಧಾರವಾಡದ ಪೇಟೆಯಲ್ಲಿ ನೀಲವ್ವನ ಹಣ್ಣಿನಂಗಡಿ ಕೆಳಗೆ, ಮೈದುನ ಸಿದ್ರಾಮನ ಪ್ರಯೋಗಶಾಲೆ ಮೇಲೆ. ಹಣ್ಣು ಮಾರುವವಳ ತಲೆಯ ಮೇಲೆಯೇ ಹಣ್ಣುನೊಣ ಸಾಕುವವನನ್ನು ಕೂರಿಸಿದ್ದು ದೇವರ ಕುಚೋದ್ಯವೇ ಸರಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತನಾದ ಮೇಲೆ ಸಿದ್ರಾಮನಿಗೆ ನೊಣಗಳೇ ವಿದ್ಯಾರ್ಥಿಗಳು.

"ವೈನಿ, ಬರ್ರಿ! ಜೀನ್‌ಜ್ಯೋತಿ ಯಂತ್ರ ತಯಾರಾತು!"

ನೀಲವ್ವ ಹತ್ತಿಹೋಗಿ ನೋಡಿದಳು. ಕುಕ್ಕರಿನ ಮೇಲೆ ಮಿಕ್ಸಿಯ ಮೋಟರು ಕೂತು ಗಡಗಡ ನಡುಗುತ್ತಿತ್ತು.

"ನನ್ನ ಕುಕ್ಕರ್ ಇಲ್ಲೈತೇನೋ! ಮನಿ ತುಂಬ ಹುಡುಕಿದೆ!"

"ಕುಕ್ಕರ್ ಬಿಡ್ರಿ. ಮರಿಹುಳದ ಮಿದುಳಿನ್ಯಾಗ ಜೀನ್ ಎಲ್ಲಾ ಇರ್ತಾವ, ಆದ್ರ ಒಮ್ಮೆಲೇ ಕೆಲಸಕ್ಕ ಇಳಿಯೂದಿಲ್ಲ. ನರ ಬೆಳದಂಗ ಒಂದೊಂದೇ ಎಚ್ಚರಾಗ್ತಾವ. ವಾಸನಿ ಹಿಡಿಯೂ ನರದ ಜೀನಿಗೆ ನಾ ಮಿಂಚುಹುಳದ ಜೀನ್ ಗಂಟು ಹಾಕೀನಿ. ಅದು ಎದ್ರ ಇದು ಹೊತ್ತತದ!"

ನೀಲವ್ವ ಮಸೂರದಲ್ಲಿ ಕಣ್ಣಿಟ್ಟಳು. ಅಕ್ಕಿಕಾಳಿನಂಥ ಮರಿಹುಳ. ಅದರ ತಲೆಯೊಳಗೆ ಸೂಜಿಮೊನೆಯಷ್ಟು ಹಸಿರು ದೀಪ ಮೆಲ್ಲಗೆ ಹೊತ್ತಿತು.

"ಅಯ್ಯ ಶಿವನ! ಕೂಸಿಗೆ ತಿಳುವಳಿಕಿ ಬಂದಂಗ ಕಾಣ್ತದಲ್ಲೋ!"

ಆ ಒಂದು ಮೆಚ್ಚುಗೆಯೇ ಕೆಡಿಸಿತು. ಸಿದ್ರಾಮ ಹಿಗ್ಗಿ, ಬೆಳಕು ಇನ್ನಷ್ಟು ಬರಲೆಂದು ಗುಂಡಿಯನ್ನು ಪೂರ್ತಿ ತಿರುಗಿಸಿದ. ನರ ಬೆಳೆದ ಮೇಲೆ ಆರಬೇಕಿದ್ದ ದೀಪ ಆರಲೇ ಇಲ್ಲ. ಮರಿಗಳಿಗೆ ರೆಕ್ಕೆ ಬಂದವು. ಆಮೇಲೆ ಹುಳಿತ ವಾಸನೆ ಬಡಿದಾಗಲೆಲ್ಲ ಅವುಗಳ ತಲೆ ಝಗ್ಗೆನ್ನತೊಡಗಿತು! ಒಂದು ಸಂಜೆ ಯಂತ್ರದ ನಡುಕಕ್ಕೆ ಬಾಟಲಿಗಳ ಹತ್ತಿ ಬಿರಡೆಗಳು ಕಿತ್ತುಬಂದು, ನೊಣಗಳ ದಂಡು ಮೆಟ್ಟಿಲಿಳಿದು ಅಂಗಡಿಗೆ ಬಂತು.

ಅಲ್ಲಿ ಮದುವೆ ಊಟದ ಗುತ್ತಿಗೆದಾರ ಗುರುಬಸಪ್ಪ ಹೆಂಡತಿ ಶಾಂಭವಿಯೊಡನೆ ನಿಂತಿದ್ದ. ಈ ಸಲದ ಮದುವೆಗಳ ಹಣ್ಣೆಲ್ಲ ನೀಲವ್ವನ ಅಂಗಡಿಯಿಂದಲೇ ಎಂಬ ಮಾತು ಇನ್ನೇನು ಕುದುರಬೇಕು, ಕರೆಂಟು ಹೋಯಿತು. ಬಾಳೆಗೊನೆಯ ಒಂದು ಮೂಲೆ ಹಸಿರಾಗಿ ಹೊತ್ತಿತು! ಹಿಂದೆಯೇ ನಾಲ್ಕಾರು ಚಿಕ್ಕು.

"ಹಿಡೀರಿ ವೈನಿ, ನನ್ನ ಸಂಶೋಧನಾ!" ಸಿದ್ರಾಮ ಚಹಾ ಸೋಸುವ ಜರಡಿ ಹಿಡಿದು ಧುಮುಕಿದ.

"ಏನಿದು ದೆವ್ವದ ಹಣ್ಣು? ಇದನ್ನ ಬಡಿಸಿದ್ರ ನನ್ನ ಮರ್ಯಾದಿ ಉಳೀತದೇನು?" ಗುರುಬಸಪ್ಪ ಗುಡುಗಿದ.

ನೀಲವ್ವ ಇಷ್ಟು ವರ್ಷ ಕಾಪಾಡಿಕೊಂಡ ಅಂಗಡಿಯ ಹೆಸರು ನೊಣದ ಪಾಲಾಯಿತಲ್ಲ! ಆದರೂ ಅವಳು ಹೊತ್ತಿದ್ದ ಬಾಳೆಹಣ್ಣೊಂದನ್ನು ಸುಲಿದಳು. ಒಳಗೆ ಕಪ್ಪು. ಬೆಳಕಿಲ್ಲದ ಇನ್ನೊಂದನ್ನು ಸುಲಿದಳು. ಬೆಣ್ಣೆಯಂತಿತ್ತು. ಹೊತ್ತಿದ್ದನ್ನೆಲ್ಲ ಆರಿಸಿ ಬಕೆಟ್ಟಿಗೆ ಹಾಕಿ, "ಉಳಿದವು ಚಲೋ ಅದಾವ ನೋಡ್ರಿ. ಇಂಥಾ ತಪಾಸಣಿ ಯಾವ ಅಂಗಡ್ಯಾಗ ಐತಿ?" ಎಂದಳು.

"ನೊಣದ ಮಾತು ಕೇಳಿ ಹಣ್ಣು ಕೊಳ್ಳೂ ಮನಶ್ಯಾ ನಾನಲ್ಲ!" ಗುರುಬಸಪ್ಪ ದೊಡ್ಡದಾಗಿ ಬಾಯಿ ತೆರೆದ.

ಬಕೆಟ್ಟಿನ ನೊಣಗಳೆಲ್ಲ ಒಮ್ಮೆಲೇ ಎದ್ದವು. ಎದ್ದು, ನೇರವಾಗಿ ಗುರುಬಸಪ್ಪನ ಮೀಸೆಯ ಮೇಲೆ ಕೂತವು. ಮೀಸೆ ಈ ತುದಿಯಿಂದ ಆ ತುದಿಯವರೆಗೆ ಮದುವೆ ಮನೆಯ ದೀಪದ ಸರದಂತೆ ಬೆಳಗಿತು!

ಶಾಂಭವಿ ಗಂಡನನ್ನು ದಿಟ್ಟಿಸಿದಳು. "ಕುಡಿಯೂದು ಬಿಟ್ಟೀನಿ ಅಂತ ಎಲ್ಲಮ್ಮನ ಮುಂದ ಆಣಿ ಮಾಡಿದ್ರಿ."

"ಕೆಮ್ಮಿನ ಔಷಧ ಅದು, ಶಾಂಭವಿ!"

ಅವನು ಬಾಯಿ ತೆರೆದಷ್ಟೂ ಬೆಳಕು ಹೆಚ್ಚಿತು. ಕೊನೆಗೆ ಮಾತು ನಿಲ್ಲಿಸಿ ಗೋಡೆಗೆ ಮುಖ ಮಾಡಿ ನಿಂತ. ಗೋಡೆ ಹಸಿರಾಯಿತು.

ಶಾಂಭವಿ ಆ ಬೆಳಕಿನಲ್ಲೇ ಹಣ್ಣು ಆರಿಸಿದಳು. "ಎಲ್ಲಾ ಮದುವಿ ಹಣ್ಣೂ ಇಲ್ಲಿಂದನ ಹೋಗಲಿ, ನೀಲಕ್ಕ. ಇನ್ನ ಮ್ಯಾಲೆ ವ್ಯವಹಾರ ನಾ ನೋಡ್ಕೋತೀನಿ."

ಸುದ್ದಿ ಓಣಿಗೆಲ್ಲ ಹಬ್ಬಿತು. ಮರುದಿನ ಸಂಜೆ ಹೆಂಗಸರು ಒಬ್ಬೊಬ್ಬರೂ ಖಾಲಿ ಬಾಟಲಿ ಹಿಡಿದು ಅಂಗಡಿಯ ಮುಂದೆ ಸಾಲುಗಟ್ಟಿದರು, ಗಂಡ ಬರುವುದರೊಳಗೆ ನಾಲ್ಕು ನೊಣ ಬೇಕೆಂದು.

"ವಿಜ್ಞಾನಕ್ಕ ಸಾಕಿದ್ವು ಇವು! ಮಂದಿಗೆ ಹಂಚಾಕಲ್ಲ!" ಸಿದ್ರಾಮ ಮೇಲಿನಿಂದ ಚೀರಿದ.

ನೀಲವ್ವ ತಕ್ಕಡಿಯ ಧೂಳು ಒರೆಸಿದಳು.

"ಹುಳ ಒಯ್ಯಾಕ ಅಡ್ಡಿಯಿಲ್ಲ ಬಿಡ್ರಿ. ಅವೇನು ಉಪಾಸ ಇರ್ತಾವ? ಹಣ್ಣೂ ಒಯ್ರಿ."