ಕಣ್ಣು ಮುಚ್ಚಿ ನೋಡಿದ ಕಾರಿನ ಪುಸ್ತಕ

ಚಿಕ್ಕನರಸಯ್ಯನ ಕಷ್ಟಕ್ಕೆಲ್ಲ ಮೂಲ, ಹೋದ ವರ್ಷದ ಆಯುಧಪೂಜೆಯ ದಿನ ಅವನ ಬಾಯಿಂದ ಜಾರಿದ ಒಂದು ಮಾತು. ಮಧುಗಿರಿಯ ಅವನ ಕಚೇರಿಯ ಅಂಗಳದಲ್ಲಿ ಪಕ್ಕದ ಮೇಜಿನ ಬಸವಲಿಂಗಯ್ಯ ತನ್ನ ಹೊಸ ಸ್ಕೂಟರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಿ, ಪುರಿ ಹಂಚುತ್ತಿದ್ದ. ತನ್ನ ಸೈಕಲ್ಲಿಗೆ ಒಂದು ಮೊಳ ಸೇವಂತಿಗೆ ಸುತ್ತಿ ನಿಂತಿದ್ದ ಚಿಕ್ಕನರಸಯ್ಯ, "ಸ್ಕೂಟರೇನ್ ಬುಡಪ್ಪ, ಬರೋ ವರ್ಷ ಇದೇ ಜಾಗಕ್ಕೆ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸ್ತೀನಿ" ಅಂದುಬಿಟ್ಟ. ಅಂದಿನಿಂದ "ಕಾರು ಎಲ್ಲಿಗೆ ಬಂತು ಗುಮಾಸ್ತ್ರೇ?" ಎಂದು ಜವಾನನೂ ಕೇಳುವಂತಾಯಿತು.

ಈ ವರ್ಷದ ಆಯುಧಪೂಜೆಗೆ ಎರಡು ದಿನ ಉಳಿದಿರುವಾಗ ಅವನು ಜಾಹೀರಾತು ನೋಡಿ ತರಿಸಿದ ಪುಸ್ತಕ ಅಂಚೆಯ ವಿ.ಪಿ.ಯಲ್ಲಿ ಬಂತು. ಹೆಸರು 'ನಲವತ್ತೆಂಟು ಗಂಟೆಯಲ್ಲಿ ನಿಮ್ಮದೇ ಸ್ಪೋರ್ಟ್ಸ್ ಕಾರು', ತೊಂಬತ್ತು ಚಿತ್ರಗಳ ಸಹಿತ. ಚನ್ನಮಲ್ಲಯ್ಯ ಎಂಬ ಮಹಾಶಯರು ಅದನ್ನು ತಾವೇ ಬರೆದು, ತಾವೇ ಚಿತ್ರ ಬಿಡಿಸಿ, ತಾವೇ ಅಚ್ಚು ಹಾಕಿಸಿ, 'ಇಂಥ ಗ್ರಂಥ ಇನ್ನೊಂದಿಲ್ಲ' ಎಂದು ತಾವೇ ಹಿಂಬದಿಯಲ್ಲಿ ಮೆಚ್ಚಿಕೊಂಡಿದ್ದರು. ಹಳೆಯ ಕಾರಿನ ಖಾಲಿ ಗೂಡು ಒಂದಿದ್ದರೆ ಸಾಕು, ಮಿಕ್ಕದ್ದನ್ನು ಪುಸ್ತಕ ನೋಡಿಕೊಳ್ಳುತ್ತದೆ ಎಂದು ಜಾಹೀರಾತು ಹೇಳಿತ್ತು. ಗೂಡು ಸಿರಾದಲ್ಲಿ ಗ್ಯಾರೇಜಿನ ನಸ್ರುಲ್ಲಾನ ಹಿತ್ತಲಲ್ಲಿತ್ತು. ಸೈಕಲ್ಲು ಕೊಟ್ಟರೆ ಗೂಡು ನಿಮ್ಮದು, ಇವತ್ತು ಬರದಿದ್ದರೆ ನಾಳೆ ಗುಜರಿಯವರಿಗೆ ಎಂದು ಅವನು ಹೇಳಿ ಕಳಿಸಿದ್ದ.

ಗಂಡ ಚಡ್ಡಿಯಲ್ಲಿ ಬಚ್ಚಲಿನಿಂದ ಓಡಿ ಬರುವಷ್ಟರಲ್ಲಿ ಹೆಂಡತಿ ಹನುಮಕ್ಕ ಪುಸ್ತಕದ ಮೇಲಿನ ಕಂದು ಕಾಗದ ಬಿಚ್ಚಿ, ಅದನ್ನು ದೇವರ ಮುಂದೆ ಇಟ್ಟಾಗಿತ್ತು. ಅವತ್ತು ಸರಸ್ವತಿ ಪೂಜೆ. ಪಕ್ಕದ ಮನೆಯ ಅಜ್ಜಿ ಕ್ಯಾತಮ್ಮ ಹೊದಿಕೆಯ ಮೇಲಿನ ಕೆಂಪು ಕಾರಿನ ಎರಡು ದೀಪಕ್ಕೂ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದಳು.

"ಅಯ್ಯೋ, ಅದನ್ನ ಯಾಕ್ ಇಟ್ಟೆ? ಈಗ್ಲೇ ಓದ್ಬೇಕು ಕಣೇ!"

"ಏನೂಂದ್ರೆ, ಪೂಜೆಗಿಟ್ಟ ಪುಸ್ತಕ ವಿಜಯದಶಮಿ ತನ್ಕ ತೆಗೀತಾರಾ? ಓದಿದ್ರೆ ವಿದ್ಯೆ ಹೊಂಟೋಯ್ತದೆ."

ಚಿಕ್ಕನರಸಯ್ಯನಿಗೆ ಬಂದಿದ್ದ ವಿದ್ಯೆ ಅಷ್ಟಕ್ಕಷ್ಟೆ. ಇದ್ದುದನ್ನೂ ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಆದರೆ ಮರ್ಯಾದೆಯನ್ನು ಕಳೆದುಕೊಳ್ಳುವುದೂ ಸಾಧ್ಯವಿರಲಿಲ್ಲ. ಹೆಂಡತಿ ಒಳಗೆ ಹೋದದ್ದೇ ತಡ, ಅಂಗಿ ಪಂಚೆ ಏರಿಸಿ, ಕಾರಿನ ಪುಸ್ತಕವನ್ನು ಅಂಗಿಯೊಳಗೆ ತುರುಕಿ, ಅದರ ಜಾಗದಲ್ಲಿ ಅದೇ ಗಾತ್ರದ ರೈಲ್ವೆ ವೇಳಾಪಟ್ಟಿಯನ್ನು ಬೋರಲು ಇಟ್ಟ. ಮಧುಗಿರಿಗೆ ರೈಲಿಲ್ಲ, ಆದರೂ ಅವನು ಪ್ರತಿವರ್ಷ ವೇಳಾಪಟ್ಟಿ ಕೊಳ್ಳುತ್ತಿದ್ದ. ಕ್ಯಾತಮ್ಮ ಕಣ್ಣು ಮುಚ್ಚಿ ಜಪಿಸುತ್ತಲೇ ಇದ್ದಳು. ಅವನು ಹೊಸಿಲು ದಾಟುವಾಗ ಮಾತ್ರ, "ಉಣ್ದೆ ಹೊಂಟ್ಯಲ್ಲೋ, ತಗಾ" ಎಂದು ಸೆರಗಿನ ಗಂಟಿನಿಂದ ಒಂದು ಹಿಡಿ ಪುರಿ ತೆಗೆದು ಅವನ ಜೇಬಿಗೆ ಸುರಿದಳು.

ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿಸಿ ಸಿರಾಕ್ಕೆ ಹೋದ. ಗ್ಯಾರೇಜಿನ ಬೆಂಚಿನ ಮೇಲೆ ನಸ್ರುಲ್ಲಾನ ಭಾವ ಕರೀಮ್ ಸಾಬ್ ಮದುವೆ ಗಂಡಿನ ಕಡೆಯವನಂತೆ ಕಾದು ಕೂತಿದ್ದ. ಸೈಕಲ್ಲು ಕಂಡವನೇ ಗಂಟೆ ಬಾರಿಸಿ ನೋಡಿ, "ಮಾಶಾಅಲ್ಲಾ" ಎಂದು ಹತ್ತಿ ಹೊರಟೇಹೋದ. ಹೋದ ವೇಗಕ್ಕೆ ಒಂದು ಕಾಗದ ಹಾರಿ ಬಂದು ಚಿಕ್ಕನರಸಯ್ಯನ ಕಾಲಡಿ ಬಿತ್ತು. ಗ್ರೀಸು ಮೆತ್ತಿದ ಕಾಗದ, ಬೋಲ್ಟು ನಟ್ಟು ಸುತ್ತಿಟ್ಟದ್ದು. ಸರಸ್ವತಿ ಪೂಜೆಯ ದಿನವೇ ಕಾಗದ ತುಳಿದೆನಲ್ಲ ಎಂದು ಅವನು ಅದನ್ನೆತ್ತಿ ಎರಡು ಕಣ್ಣಿಗೂ ಹಣೆಗೂ ಒತ್ತಿಕೊಂಡ. ಹಣೆಯ ಮೇಲೆ ಗ್ರೀಸಿನ ನಾಮ ಮೂಡಿತು.

ನಸ್ರುಲ್ಲಾ ಚಹಾ ತರಿಸಿದ. "ಕುಡೀರಿ ಗುಮಾಸ್ತ್ರೇ, ಆಮೇಲೆ ಗಾಡಿ ನೋಡೋಣ."

"ಮೊದ್ಲು ಪುಸ್ತಕ ನೋಡ್ಬೇಕು ಸಾಬ್ರೆ. ಆದ್ರೆ ನಾನು ತೆಗಿಯಂಗಿಲ್ಲ, ಪೂಜೆಗಿಟ್ಟಿದ್ದು. ನಿಮಗೆ ಆ ದೋಷ ಇಲ್ಲ. ನೀವು ತೆಗ್ದು ಚಿತ್ರ ನೋಡಿ ಹೇಳಿ, ನಾನು ಕಣ್ಣು ಮುಚ್ಕತೀನಿ."

ನಸ್ರುಲ್ಲಾ ಇಂಥ ಗಿರಾಕಿಯನ್ನು ಈ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಬಡಪಾಯಿಯ ಮನಸ್ಸು ನೋಯಬಾರದೆಂದು ಕೈ ಒರೆಸಿಕೊಂಡು, ಕುಂಕುಮ ಮೆತ್ತಿದ ಹೊದಿಕೆಯನ್ನು ಗಮನಿಸದೆ ಪುಸ್ತಕ ತೆರೆದ. ಚಿಕ್ಕನರಸಯ್ಯ ಎರಡೂ ಅಂಗೈಯಿಂದ ಕಣ್ಣು ಮುಚ್ಚಿ ಕೂತ.

"ಮೊದ್ಲು ಒಂದು ಚೌಕಟ್ಟೈತೆ. ಆಮ್ಯಾಕೆ ಎಂಜಿನ್ನು... ಎಂಜಿನ್ನು ತಲೆಕೆಳಗೆ ಬರ್ದವ್ನೆ. ಸ್ಟೇರಿಂಗು... ಅರೆ!"

"ಏನು ಸಾಬ್ರೆ?"

ಹಾಳೆ ಸರಸರ ಮಗುಚುವ ಸದ್ದು. ಆಮೇಲೆ ನಸ್ರುಲ್ಲಾ ಗಡ್ಡ ಹಿಡಿದುಕೊಂಡು ನಗತೊಡಗಿದ. ನಗು ಕೇಳಿ ಅವನ ಹೆಂಡತಿ ಖಾಜಾಬಿ ಹಿತ್ತಲ ಬಾಗಿಲಿಗೆ ಬಂದಳು.

"ಗುಮಾಸ್ತ್ರೇ, ಪಾಪ ಬಂದ್ರೆ ನನಗೆ ಬರ್ಲಿ, ಕಣ್ಣು ಬುಡಿ. ಕೊನೇ ಹಾಳೆ ನೋಡಿ."

ಕೊನೆಯ ಪುಟದಲ್ಲಿ ಚನ್ನಮಲ್ಲಯ್ಯನವರು ಕೋಟು ತೊಟ್ಟು, ಕೆಂಪು ಕಾರಿನ ಮೇಲೆ ಕೈಯಿಟ್ಟು, ಹುಲಿ ಹೊಡೆದವರಂತೆ ನಿಂತಿದ್ದರು. ನಂಬರಿನ ಹಲಗೆಯಲ್ಲಿ ಒಂದು ಅಂಕಿ ಅಡ್ಡ ಮಲಗಿತ್ತು. ನಸ್ರುಲ್ಲಾ ಅವನನ್ನು ಹಿತ್ತಲಿಗೆ ಕರೆದೊಯ್ದ. ಅಲ್ಲಿ ಖಾಜಾಬಿಯ ಕೋಳಿಗಳು ಮಲಗುವ ಕೆಂಪು ಕಾರಿನ ಗೂಡಿನ ಹಲಗೆಯಲ್ಲೂ ಅದೇ ನಂಬರು, ಅದೇ ಅಂಕಿ ಅಡ್ಡ ಮಲಗಿತ್ತು.

"ಆ ಮನ್ಸ ಬೆಂಗ್ಳೂರಿಂದ ಬರ್ತಾ ನಮ್ಮೂರ ಕೆರೆ ಏರಿ ಮ್ಯಾಲೆ ನಿಂತೋದ. ಎಂಜಿನ್ನು ರೋಡಲ್ಲಿತ್ತು, ಅವ್ನು ಸೀಟಲ್ಲಿದ್ದ. ರಿಪೇರಿ ಮಾಡಿಡು ಅಂತ ಕಾರೂ ಪುಸ್ತಕದ ಗಂಟೂ ಬಿಟ್ಟು ಬಸ್ ಹತ್ತಿದೋನು ಮೂರು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ಬೋಲ್ಟ್ ಸುತ್ತಕ್ಕೆ ಆ ಪುಸ್ತಕದ ಪೇಪರ್ರು ಬಲೇ ಗಟ್ಟಿ."

"ಕಟ್ಟೋಕೆ... ನಲವತ್ತೆಂಟು ಗಂಟೆ ತಾನೆ?"

"ಆರು ವರ್ಷ ಆಯ್ತಂತೆ, ಅವ್ನೇ ಹೇಳ್ದ."

ಚಿಕ್ಕನರಸಯ್ಯ ಕೋಳಿಯೊಂದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, "ನನ್ನ ಸೈಕಲ್ಲು?" ಎಂದ.

ನಸ್ರುಲ್ಲಾನ ನಗು ನಿಂತಿತು. "ಭಾವ ಅದನ್ನ ತನ್ನ ಹೊಸ ಅಳಿಯಂಗೆ ಕೊಡಕ್ಕೆ ಒಯ್ದ. ಇಷ್ಟೊತ್ಗೆ ಕೊಟ್ಟಿರ್ತಾನೆ. ಮದ್ವೆ ಉಡುಗೊರೆ ವಾಪಸ್ ಹೆಂಗೆ ಕೇಳ್ಲಿ ಸಾಮಿ?" ಬೇರೇನೂ ತೋಚದೆ ಅವನು ಉಳಿದಿದ್ದ ಪುಸ್ತಕಗಳನ್ನೆಲ್ಲ ಹುರಿಯಿಂದ ಬಿಗಿದು, ತಾನೇ ಹೊತ್ತು ತಂದು, ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಹಿಡಿದು ಚಿಕ್ಕನರಸಯ್ಯನನ್ನು ಕೂರಿಸಿದ.

ಸಂಜೆ ಮನೆ ಸೇರಿದಾಗ ಹನುಮಕ್ಕ ಅಂಗಳದಲ್ಲಿ ಸೇವಂತಿಗೆಯ ಹಾರ ಕಟ್ಟುತ್ತಿದ್ದಳು. ಆಯುಧಪೂಜೆಗೆ ಸೈಕಲ್ಲಿಗೆಂದು ಈ ಸಲ ಎರಡು ಮೊಳ ಕಟ್ಟಿದ್ದಳು. ಗಂಡನ ಹಣೆಯ ಗ್ರೀಸು ನೋಡಿದಳು, ಗಂಟು ನೋಡಿದಳು, ಅವನ ಹಿಂದೆ ಖಾಲಿ ಬೀದಿ ನೋಡಿದಳು.

"ಸೈಕಲ್ಲೆಲ್ಲಿ?"

ಅವನು ಗಂಟು ಇಳಿಸಿದ. ಹುರಿ ಬಿಚ್ಚಿಕೊಂಡು, ಹದಿನೇಳು ಚನ್ನಮಲ್ಲಯ್ಯಂದಿರು ಜಗಲಿಯ ಮೇಲೆ ಹರಡಿಕೊಂಡರು.

"ಈಗ ನಾಡಿದ್ದು ಹಾರ ಯಾತಕ್ಕೆ ಹಾಕ್ಲಿ?" ಹನುಮಕ್ಕ ಕಟ್ಟಿದ ಹಾರವನ್ನು ಎತ್ತಿ ಹಿಡಿದಳು.

ಗೋಡೆಗೊರಗಿ ಕೂತಿದ್ದ ಕ್ಯಾತಮ್ಮ ಕೋಲೂರಿ ಎದ್ದು ಒಳಗೆ ಹೋಗಿ, ಕುಂಕುಮ ಬಳಿದ ರೈಲ್ವೆ ವೇಳಾಪಟ್ಟಿಯನ್ನು ತಂದು ಹರಡಿದ್ದ ಪುಸ್ತಕಗಳ ಮೇಲಿಟ್ಟಳು.

"ಇದಕ್ಕೇ ಹಾಕು ಕಣಮ್ಮ. ಬೆಳಗಿಂದ ಇದನ್ನೇ ಪೂಜೆ ಮಾಡಿವ್ನಿ. ನಾಡಿದ್ದು ಬಸವಲಿಂಗಯ್ಯ ಕೇಳಿದ್ರೆ, ನಮ್ಮೋನು ಕಾರು ಬುಟ್ಟು ರೈಲೇ ತಂದವ್ನೆ ಅಂದ್ಬುಡು."